ಕ್ಲಿಪ್ ಹಾಕಿದ ಮೊದಲ ವಾರ: ಬಾಯಲ್ಲಿ ಎರಡು ಬಗೆಯ ನೋವು

ಆರ್ಥೊಡಾಂಟಿಕ್ಸ್ (ಓರೆಕೋರೆ ಹಲ್ಲು ಸರಿಪಡಿಸುವ) ವಿಭಾಗಕ್ಕೆ ಹೊಸದಾಗಿ ಬರುವ ಸಹಪಾಠಿಗಳಿಗಾಗಿ ಈ ಟಿಪ್ಪಣಿ. ಉತ್ತರಪತ್ರಿಕೆಯಲ್ಲಿ ಹಲ್ಲಿನ ಚಲನೆ, ಮೂಳೆಯ ಮರುರಚನೆ ಎಲ್ಲವನ್ನೂ ಪುಟಗಟ್ಟಲೆ ಬರೆಯುತ್ತೇವೆ. ಕುರ್ಚಿಯಲ್ಲಿ ಕುಳಿತ ಎಂಟನೆಯ ತರಗತಿಯ ಹುಡುಗಿಗೆ ಬೇಕಾಗಿರುವುದು ಒಂದೇ ಉತ್ತರ: “ನೋವಾಗುತ್ತದೆಯೇ?” ಇಲ್ಲ ಎಂದು ಸಮಾಧಾನ ಹೇಳಿ ಕಳುಹಿಸಿದರೆ ಆ ರಾತ್ರಿಯೇ ನಮ್ಮ ಮೇಲಿನ ನಂಬಿಕೆ ಹೋಗುತ್ತದೆ. ನೋವಾಗುತ್ತದೆ. ಅದು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ, ಯಾವ ನೋವಿಗೆ ಏನು ಮಾಡಬೇಕು ಎಂಬುದನ್ನು ಅವಳ ಕೈಗೆ ಕೊಟ್ಟು ಕಳುಹಿಸಬೇಕು.

ನೋವು ಎರಡು ಬಗೆಯದು. ಒಂದು ಹಲ್ಲಿನದು, ಇನ್ನೊಂದು ಕೆನ್ನೆ, ತುಟಿ, ನಾಲಿಗೆಯದು. ಎರಡಕ್ಕೂ ಕಾರಣ ಬೇರೆ, ಉಪಾಯವೂ ಬೇರೆ. “ಕ್ಲಿಪ್ ನೋಯುತ್ತಿದೆ” ಎಂದು ಫೋನ್ ಬಂದಾಗ ಮೊದಲು ಕೇಳಬೇಕಾದದ್ದು ಯಾವುದು ನೋಯುತ್ತಿದೆ ಎಂದೇ.

ಹಲ್ಲಿನ ನೋವಿನ ಮೂಲ ಬೇರಿಗೂ ಮೂಳೆಗೂ ನಡುವೆ ಇರುವ ಪೆರಿಯೊಡಾಂಟಲ್ ಲಿಗಮೆಂಟ್ ಎಂಬ ನಾರಿನ ಪದರ. ಅದರ ದಪ್ಪ ಸುಮಾರು 0.2 ಮಿ.ಮೀ. ಮಾತ್ರ. ತಂತಿಯ ಬಲ ಬಿದ್ದ ಕಡೆ ಅದು ಅದುಮಿ ಹೋಗಿ ರಕ್ತದ ಹರಿವು ತಗ್ಗುತ್ತದೆ. ಪ್ರೋಸ್ಟಗ್ಲಾಂಡಿನ್‌ನಂಥ ಉರಿಯೂತದ ರಾಸಾಯನಿಕಗಳು ಬಿಡುಗಡೆಯಾಗಿ ನರದ ತುದಿಗಳು ಸೂಕ್ಷ್ಮವಾಗುತ್ತವೆ. ಇದಕ್ಕೆ ಒಂದಷ್ಟು ಸಮಯ ಹಿಡಿಯುವುದರಿಂದಲೇ ತಂತಿ ಕಟ್ಟಿದ ಕೂಡಲೇ ಮಗು ನಗುತ್ತಾ ಮನೆಗೆ ಹೋಗುತ್ತದೆ. ನೋವು ಸಾಮಾನ್ಯವಾಗಿ ಕೆಲವು ಗಂಟೆಗಳ ಬಳಿಕ ಶುರುವಾಗಿ, 24 ಗಂಟೆಯ ಹೊತ್ತಿಗೆ ಏರಿ, ಮೂರನೆಯ ದಿನದಿಂದ ಇಳಿಯುತ್ತಾ ವಾರದೊಳಗೆ ಬಹುಮಟ್ಟಿಗೆ ಹೋಗಿಬಿಡುತ್ತದೆ. ಈ ವೇಳಾಪಟ್ಟಿಯನ್ನು ಮೊದಲೇ ತಿಳಿಸುವುದನ್ನು ನಾನು ಔಷಧಿಗಿಂತ ಮೇಲೆ ಇಡುತ್ತೇನೆ. ಕ್ಲಿಪ್ ಹಾಕಿದ ದಿನ ಚಿಕಿತ್ಸಾಲಯದಿಂದ ಒಂದು ವಿಚಾರಣೆಯ ಫೋನ್ ಹೋದರೆ ರೋಗಿಗಳು ಹೇಳುವ ನೋವು ಮತ್ತು ಆತಂಕ ಎರಡೂ ಕಡಿಮೆಯಾಗುವುದನ್ನು ಅಧ್ಯಯನಗಳು ಕಂಡಿವೆ. ಸುಳ್ಯ, ಬೆಳ್ತಂಗಡಿ, ಬೈಂದೂರುಗಳಿಂದ ಬಸ್ ಹಿಡಿದು ಮಂಗಳೂರಿಗೋ ಮಣಿಪಾಲಕ್ಕೋ ಬರುವವರಿಗೆ ಆ ಕರೆಯ ಬೆಲೆ ಇನ್ನೂ ಹೆಚ್ಚು.

ಮಾತ್ರೆಯ ವಿಷಯ. ಐಬುಪ್ರೊಫೆನ್ ಪ್ರೋಸ್ಟಗ್ಲಾಂಡಿನ್ ತಯಾರಿಯನ್ನೇ ತಡೆಯುತ್ತದೆ. ಹಲ್ಲು ಸರಿಯಲು ಬೇಕಾದ ಮೂಳೆಯ ಕರಗುವಿಕೆಗೂ ಅದೇ ರಾಸಾಯನಿಕ ಬೇಕು. ಹಾಗಾಗಿ ಅನೇಕರು ಪ್ಯಾರಾಸಿಟಮಾಲ್ ಅನ್ನೇ ಆರಿಸುತ್ತಾರೆ. ಒಂದೆರಡು ದಿನದ ಐಬುಪ್ರೊಫೆನ್‌ನಿಂದ ಚಿಕಿತ್ಸೆ ಹಾಳಾಗುವುದಿಲ್ಲ, ಆದರೂ ವಾರಗಟ್ಟಲೆ ನುಂಗಬಾರದು. ಮಕ್ಕಳಿಗೆ ಪ್ಯಾರಾಸಿಟಮಾಲ್ ಪ್ರಮಾಣ ಒಂದು ಸಲಕ್ಕೆ ಪ್ರತಿ ಕೆ.ಜಿ. ತೂಕಕ್ಕೆ 10ರಿಂದ 15 ಮಿ.ಗ್ರಾಂ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಇನ್ನೊಂದು ಎಚ್ಚರ ಬೇಕು: ಜ್ವರವಿದ್ದು ಡೆಂಗಿಯ ಸಂಶಯವಿದ್ದರೆ ಐಬುಪ್ರೊಫೆನ್, ಆಸ್ಪಿರಿನ್ ಎರಡೂ ಬೇಡ, ರಕ್ತಸ್ರಾವದ ಅಪಾಯವಿದೆ.

ತಣ್ಣೀರು ಮುಕ್ಕಳಿಸಿದರೂ ಹಾಯೆನಿಸುತ್ತದೆ. ಇದಕ್ಕೆ ಚೆಂದದ ಕಾರಣವೊಂದಿದೆ. ಶಾಖಕ್ಕೆ ಸ್ಪಂದಿಸುವ ನಿಕೆಲ್–ಟೈಟಾನಿಯಂ ತಂತಿ ತಂಪಿನಲ್ಲಿ ಮೆದುವಾಗಿ, ಹಲ್ಲಿನ ಮೇಲಿನ ಬಲ ಸ್ವಲ್ಪ ಹೊತ್ತು ತಗ್ಗುತ್ತದೆ.

ಕೆನ್ನೆಯ ನೋವಿಗೆ ಕಾಯುವುದು ಪರಿಹಾರವಲ್ಲ. ಹಲ್ಲಿಗೆ ಅಂಟಿಸಿದ, ತಂತಿಯನ್ನು ಹಿಡಿದಿಡುವ ಪುಟ್ಟ ಲೋಹದ ತುಣುಕಾದ ಬ್ರಾಕೆಟ್‌ನ ಅಂಚು ಉಜ್ಜುತ್ತಿದ್ದರೆ ಮೇಣ ಹಚ್ಚಬೇಕು. ಮೇಣದ ಡಬ್ಬಿ ಕೊಟ್ಟು ಕಳುಹಿಸಿದರೆ ಸಾಲದು, ನಮ್ಮೆದುರೇ ಕನ್ನಡಿ ಹಿಡಿದು ಹಚ್ಚಿಸಿ ನೋಡಬೇಕು. ಸಣ್ಣ ಚೂರು ಮುರಿದು, ಬೆರಳಿನ ಬಿಸಿಗೆ ಮೆದುವಾಗುವವರೆಗೆ ಹೊಸೆದು, ಕಡಲೆಕಾಳಿನಷ್ಟು ಉಂಡೆ ಮಾಡಬೇಕು. ಬಳಿಕ ಬ್ರಾಕೆಟ್ ಮೇಲಿನ ಎಂಜಲನ್ನು ಹತ್ತಿಯಿಂದ ಒರೆಸಬೇಕು. ಹೆಚ್ಚಿನವರು ಬಿಡುವುದು ಈ ಹೆಜ್ಜೆಯನ್ನೇ. ಒದ್ದೆ ಲೋಹದ ಮೇಲೆ ಮೇಣ ನಿಲ್ಲುವುದಿಲ್ಲ. ಒಣಗಿದ ಮೇಲೆ ಉಂಡೆಯನ್ನು ಒತ್ತಿ ಚಪ್ಪಟೆ ಮಾಡಿದರೆ ಊಟದವರೆಗೂ ಕೂರುತ್ತದೆ. ಊಟಕ್ಕೆ ಮುಂಚೆ ತೆಗೆಯಬೇಕು. ಅಕಸ್ಮಾತ್ ಹೊಟ್ಟೆಗೆ ಹೋದರೂ ಗಾಬರಿ ಬೇಡ. ಹುಣ್ಣಾಗಿದ್ದರೆ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ದಿನಕ್ಕೆ ಮೂರು ನಾಲ್ಕು ಬಾರಿ ಮುಕ್ಕಳಿಸಲಿ. ಹಿಂದಿನ ದವಡೆಯಲ್ಲಿ ತಂತಿಯ ತುದಿ ಚುಚ್ಚುತ್ತಿದ್ದರೆ ಮೇಣ ಹಚ್ಚಿ ಫೋನ್ ಮಾಡಲಿ. ಮನೆಯಲ್ಲೇ ಕತ್ತರಿಸಲು ಹೋದರೆ ತುಂಡು ಗಂಟಲಿಗೆ ಇಳಿಯಬಹುದು.

ಊಟದ ಪಟ್ಟಿಯನ್ನು ಪಠ್ಯಪುಸ್ತಕದಿಂದ ಓದಿ ಹೇಳಬೇಡಿ. ಸೂಪ್, ಪಾಸ್ತಾ ಎಂದರೆ ನಮ್ಮ ಅಮ್ಮಂದಿರು ತಲೆಯಾಡಿಸಿ ಹೋಗುತ್ತಾರೆ, ಮಾಡುವುದಿಲ್ಲ. ಮೊದಲ ಮೂರು ದಿನಕ್ಕೆ ಬೇಕಾದದ್ದೆಲ್ಲ ನಮ್ಮ ಅಡುಗೆಮನೆಯಲ್ಲಿಯೇ ಇದೆ: ಚೆನ್ನಾಗಿ ಬೆಂದ ಕುಚ್ಚಲಕ್ಕಿ ಗಂಜಿ, ತೆಂಗಿನಹಾಲಿನಲ್ಲಿ ಅದ್ದಿದ ನೀರುದೋಸೆ, ಇಡ್ಲಿ, ಮುಳ್ಳು ಬಿಡಿಸಿದ ಅಂಜಲ್ ಮೀನು. ಗಂಜಿ ಆರಿರಬೇಕು, ಬಿಸಿ ಗಂಜಿ ಹುಣ್ಣಿಗೆ ತಾಗಿದರೆ ಉರಿಯುತ್ತದೆ. ಅದರ ಜತೆಗಿನ ಮಿಡಿ ಉಪ್ಪಿನಕಾಯಿಯನ್ನು ಬಿಡಲೇಬೇಕು: ಖಾರ ಹುಣ್ಣಿಗೆ, ಕಚ್ಚುವ ರಭಸ ಬ್ರಾಕೆಟ್‌ಗೆ. ಕೋರಿ ರೊಟ್ಟಿಯ ಗರಿಗರಿ ಹಾಳೆಯನ್ನು ಹಾಗೇ ಮುರಿದು ತಿನ್ನುವಂತಿಲ್ಲ. ಸಾರಿನಲ್ಲಿ ಪೂರ್ತಿ ನೆನೆದ ಮೇಲೆ, ಅದೂ ನೋವಿಳಿದ ನಂತರ ಆಗಬಹುದು. ಚಕ್ಕುಲಿ, ಕಬ್ಬು, ಹಲಸಿನ ಹಪ್ಪಳ ಚಿಕಿತ್ಸೆ ಮುಗಿಯುವವರೆಗೆ ದೂರ. ಅರಿಶಿನದ ಸಾರಿಗೆ ತಂತಿಯನ್ನು ಬ್ರಾಕೆಟ್‌ಗೆ ಕಟ್ಟುವ ಪಾರದರ್ಶಕ ಎಲಾಸ್ಟಿಕ್ ಉಂಗುರಗಳು ಹಳದಿಯಾಗುತ್ತವೆ ಎಂಬುದನ್ನೂ ಮೊದಲೇ ಹೇಳಿ. ಅದು ಕೊಳೆಯೂ ಅಲ್ಲ, ಕಾಯಿಲೆಯೂ ಅಲ್ಲ. ಮುಂದಿನ ಭೇಟಿಯಲ್ಲಿ ಬದಲಾಗುತ್ತದೆ.

ನೋವೆಂದು ಹಲ್ಲುಜ್ಜುವುದನ್ನು ನಿಲ್ಲಿಸುವ ಮಕ್ಕಳ ಬಗ್ಗೆ ಕಳಕಳಿಯಿಂದ ಬರೆಯುತ್ತಿದ್ದೇನೆ. ಬ್ರಾಕೆಟ್ ಸುತ್ತ ಅಂಟಿದ ಆಹಾರದಿಂದ ಒಸಡು ಊದಿಕೊಂಡರೆ ತಂತಿಯ ನೋವಿನ ಮೇಲೆ ಒಸಡಿನದೂ ಸೇರುತ್ತದೆ. ಮೆದು ಬ್ರಷ್ ಹಿಡಿದು ನಿಧಾನವಾಗಿಯಾದರೂ ಉಜ್ಜಿಸಲೇಬೇಕು.

ಯಾರನ್ನು ಕೂಡಲೇ ಕರೆಸಬೇಕು? ವಾರ ಕಳೆದರೂ ನೋವು ಇಳಿಯದವರನ್ನು, ಒಂದೇ ಹಲ್ಲು ತಾನಾಗಿ ಮಿಡಿಯುತ್ತಿದೆ ಎನ್ನುವವರನ್ನು, ಮುಖ ಊದಿದವರನ್ನು, ಬ್ರಾಕೆಟ್ ಕಳಚಿ ತಂತಿಯಲ್ಲಿ ತಿರುಗುತ್ತಿರುವವರನ್ನು. ಎರಡು ವಾರಕ್ಕೂ ವಾಸಿಯಾಗದ ಹುಣ್ಣನ್ನು ಕ್ಲಿಪ್ಪಿನದೆಂದು ಬಿಟ್ಟುಬಿಡದೆ ಹಿರಿಯ ವೈದ್ಯರಿಗೆ ತೋರಿಸಿ.