ಬ್ಲೇಕ್‌ನ ಹುಲಿ: ಒಂದೇ ಪದದ ಬದಲಾವಣೆ

ಇಂಗ್ಲಿಷ್ ಕವಿ ವಿಲಿಯಂ ಬ್ಲೇಕ್‌ನ ‘ದಿ ಟೈಗರ್’ ನಾಲ್ಕು ಸಾಲುಗಳ ಆರು ಪದ್ಯಗಳಿರುವ ಕವಿತೆ. 1794ರ ‘ಸಾಂಗ್ಸ್ ಆಫ್ ಎಕ್ಸ್‌ಪೀರಿಯನ್ಸ್’ ಸಂಕಲನದಲ್ಲಿದೆ. ಇದರ ಜೋಡಿ ಕವಿತೆಯಾದ ‘ದಿ ಲ್ಯಾಂಬ್’ (ಕುರಿಮರಿ) 1789ರ ‘ಸಾಂಗ್ಸ್ ಆಫ್ ಇನೊಸೆನ್ಸ್’ಗೆ ಸೇರಿದ್ದು. ಅದನ್ನು ಓದದೆ ಹುಲಿಯ ಸಂಕೇತ ಬಿಡಿಸಲು ಹೊರಟದ್ದೇ ನನ್ನ ಮೊದಲ ತಪ್ಪು.

‘ಕುರಿಮರಿ ಎಂದರೆ ಒಳಿತು, ಹುಲಿ ಎಂದರೆ ಕೆಡುಕು’ ಎಂದು ನಾನು ಟಿಪ್ಪಣಿಯಲ್ಲಿ ಬರೆದುಕೊಂಡಿದ್ದೆ. ಐದನೆಯ ಪದ್ಯದಲ್ಲಿ ಈ ಸಮೀಕರಣ ನಿಲ್ಲುವುದಿಲ್ಲ. ಕುರಿಮರಿಯನ್ನು ಮಾಡಿದವನೇ ನಿನ್ನನ್ನೂ ಮಾಡಿದನೇ ಎಂದು ಕವಿ ಅಲ್ಲಿ ಹುಲಿಯನ್ನೇ ಕೇಳುತ್ತಾನೆ. ಹುಲಿ ಬರಿಯ ಕೆಡುಕಾಗಿದ್ದರೆ ಅದನ್ನು ಸೈತಾನನ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ಅದರ ಮೈಕಟ್ಟಿನ ಅಚ್ಚುಕಟ್ಟನ್ನು ಕವಿ ಮೆಚ್ಚುತ್ತಾನೆ, ಮೆಚ್ಚುತ್ತಲೇ ಅಂಜುತ್ತಾನೆ. ಇನ್ನೊಂದು ಸಂಗತಿಯೆಂದರೆ, ಕುರಿಮರಿಯ ಕವಿತೆಯಲ್ಲಿ ಮೊದಲ ಪದ್ಯ ಪ್ರಶ್ನೆಯನ್ನು ಕೇಳಿದರೆ ಎರಡನೆಯದು ಉತ್ತರ ಹೇಳುತ್ತದೆ. ಹುಲಿಯ ಕವಿತೆಯಲ್ಲಿ ಪ್ರಶ್ನೆಗಳನ್ನು ಬಿಟ್ಟರೆ ಬೇರೇನೂ ಇಲ್ಲ.

ನಾಲ್ಕನೆಯ ಪದ್ಯದ ಸುತ್ತಿಗೆ, ಸರಪಳಿ, ಕುಲುಮೆ, ಅಡಿಗಲ್ಲುಗಳಿಂದ ಸೃಷ್ಟಿಕರ್ತ ಕಮ್ಮಾರನಾಗಿ ಕಾಣುತ್ತಾನೆ. ಇದು ಎಲ್ಲರಿಗೂ ತಿಳಿಯುವ ಭಾಗ.

ನಾನು ಎರಡು ದಿನ ಸಿಕ್ಕಿಹಾಕಿಕೊಂಡದ್ದು ಕೊನೆಯ ಪದ್ಯದಲ್ಲಿ. ಅದು ಮೊದಲ ಪದ್ಯದ ಪುನರಾವರ್ತನೆ ಎಂದುಕೊಂಡು ಹಾರಿಸಿಬಿಟ್ಟಿದ್ದೆ. ಎರಡನ್ನೂ ಒಂದರ ಕೆಳಗೊಂದು ಬರೆದು ನೋಡಿದಾಗ ಮಾತ್ರ ಒಂದು ಪದ ಬದಲಾಗಿರುವುದು ಕಣ್ಣಿಗೆ ಬಿತ್ತು: ಮೊದಲು ‘ಕುಡ್’ ಇದ್ದಲ್ಲಿ ಕೊನೆಗೆ ‘ಡೇರ್’ ಇದೆ. ಕನ್ನಡದಲ್ಲಿಟ್ಟು ನೋಡಿದರೆ ಈ ವ್ಯತ್ಯಾಸ ಇನ್ನೂ ಸ್ಪಷ್ಟವಾಗುತ್ತದೆ. ನಮ್ಮ ‘ಬಲ್ಲ’ ಎಂಬ ಮಾತಿನಲ್ಲಿ ತಿಳಿವಳಿಕೆ, ಸಾಮರ್ಥ್ಯ ಎರಡೂ ಇವೆ; ಆದ್ದರಿಂದ ‘ಯಾವ ಕೈ ನಿನ್ನನ್ನು ರೂಪಿಸಬಲ್ಲದು’ ಎಂಬುದು ಕಸುಬುದಾರಿಕೆಯ ಪ್ರಶ್ನೆ. ‘ರೂಪಿಸುವ ಎದೆಗಾರಿಕೆ ಯಾವ ಕೈಗಿದೆ’ ಎಂದು ಕೇಳಿದೊಡನೆ ಅದು ಹೊಣೆಯ ಪ್ರಶ್ನೆಯಾಗುತ್ತದೆ, ಏಕೆಂದರೆ ಮಾಡಲು ಬರುತ್ತದೆ ಎಂಬ ಮಾತ್ರಕ್ಕೆ ಎಲ್ಲವನ್ನೂ ಮಾಡಿಬಿಡಬಹುದೇ ಎಂಬ ಅನುಮಾನ ಅದರೊಳಗಿದೆ. ಈ ಪದ ಕೊನೆಯಲ್ಲಿ ಹಠಾತ್ತನೆ ಬಂದದ್ದೂ ಅಲ್ಲ. ಎರಡನೆಯ ಪದ್ಯದಲ್ಲಿ ರೆಕ್ಕೆ ಕಟ್ಟಿ ಮೇಲೇರುವವನಿಗೂ ಬೆಂಕಿಗೆ ಕೈಹಾಕುವವನಿಗೂ, ನಾಲ್ಕನೆಯದರಲ್ಲಿ ಆ ಭೀಕರತೆಯನ್ನು ಹಿಡಿಯುವ ಮುಷ್ಟಿಗೂ ಇದೇ ‘ಡೇರ್’ ಬಳಕೆಯಾಗಿದೆ. ಪೆನ್ಸಿಲ್ಲಿನಲ್ಲಿ ಈ ನಾಲ್ಕೂ ಕಡೆ ಗೆರೆ ಎಳೆದುಕೊಂಡರೆ ಅರ್ಧ ಕವಿತೆ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ.

ಈ ಕವಿತೆ ಓದುವಾಗ ಟಿಪ್ಪುವಿನ ಯಾಂತ್ರಿಕ ಹುಲಿಬೊಂಬೆ ನಮ್ಮವರಿಗೆ ನೆನಪಾಗುವುದು ಸಹಜ. ಆದರೆ ಅದು ಇಂಗ್ಲಿಷರ ಕೈಸೇರಿದ್ದು 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ. ಕವಿತೆ ಅಷ್ಟರಲ್ಲಾಗಲೇ ಐದು ವರ್ಷ ಹಳೆಯದು.

ಐದನೆಯ ಪದ್ಯದಲ್ಲಿ ನಕ್ಷತ್ರಗಳು ಈಟಿಗಳನ್ನು ಕೆಳಗೆಸೆದು ಕಣ್ಣೀರಿನಿಂದ ಆಕಾಶವನ್ನು ತೋಯಿಸುತ್ತವೆ. ಇವು ಸೋತ ಬಂಡುಕೋರ ದೇವದೂತರೆಂಬ ವಿವರಣೆ ರೂಢಿಯಲ್ಲಿದೆ. ನನಗೆ ಅದಕ್ಕಿಂತ ಮುಖ್ಯವೆನಿಸಿದ್ದು ಅದರ ಬೆನ್ನಿಗೇ ಬರುವ, ತನ್ನ ಕೆಲಸವನ್ನು ಕಂಡು ಆ ಸೃಷ್ಟಿಕರ್ತ ನಕ್ಕನೇ ಎಂಬ ಸಾಲು. ಬೈಬಲಿನ ಆದಿಕಾಂಡದಲ್ಲಿ ದೇವರು ತಾನು ಮಾಡಿದ್ದನ್ನು ನೋಡಿ ಒಳ್ಳೆಯದೆಂದು ಕಂಡನೆಂಬ ಹೇಳಿಕೆಯಿದೆ. ಬ್ಲೇಕ್ ಅದೇ ನೋಟಕ್ಕೆ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಾನೆ.

ಕವಿತೆಯನ್ನು ತಾಮ್ರದ ಫಲಕದಲ್ಲಿ ಕೊರೆದು ಅಚ್ಚು ಹಾಕಿದವನೂ ಬ್ಲೇಕ್‌ನೇ. ಪದ್ಯಗಳ ಕೆಳಗೆ ಅವನು ಬರೆದಿರುವ ಹುಲಿ ಮಾತ್ರ ಕವಿತೆಯ ಮೊದಲ ಸಾಲಿನ ಹುಲಿಯಂತೆ ಉರಿಯುವುದಿರಲಿ, ಗುರುಗುಟ್ಟುವಂತೆಯೂ ಕಾಣುವುದಿಲ್ಲ.