ಮೋಟಾರು ಓಡುತ್ತದೆ, ಕ್ಯಾಸೆಟ್ ಓಡುವುದಿಲ್ಲ: ಹಳೆಯ ವಾಕ್‌ಮನ್ ಕೆಟ್ಟಿದೆಯೇ?

ಪ್ರಶ್ನೆ: ಅಟ್ಟದಲ್ಲಿ ಹಳೆಯ ವಾಕ್‌ಮನ್, ಜೊತೆಗೆ ಅಜ್ಜನ ದನಿಯಿರುವ ಕ್ಯಾಸೆಟ್ ಸಿಕ್ಕಿತು. ಹೊಸ ಸೆಲ್ ಹಾಕಿ ಪ್ಲೇ ಒತ್ತಿದರೆ ಮೋಟಾರು ಗುಂಯ್‌ಗುಡುತ್ತದೆ, ಕ್ಯಾಸೆಟ್ ತಿರುಗುವುದಿಲ್ಲ. ಗುಜರಿಗೆ ಹಾಕಲೇ?

ಉತ್ತರ: ಬೇಡ. ಮೋಟಾರಿನ ಸದ್ದು ಬರುತ್ತಿದೆಯಲ್ಲ, ಅರ್ಧ ಗೆದ್ದ ಹಾಗೆಯೇ. ಹೋಗಿರುವುದು ಬಹುತೇಕ ರಬ್ಬರ್ ಬೆಲ್ಟ್. 1979ರ ಜುಲೈಯಲ್ಲಿ ಸೋನಿ ಜಪಾನಿನಲ್ಲಿ ಮಾರಾಟಕ್ಕಿಟ್ಟ ಮೊದಲ ವಾಕ್‌ಮನ್‌ನಿಂದ ಹಿಡಿದು ಇಂಥ ಹೆಚ್ಚಿನ ಯಂತ್ರಗಳಲ್ಲಿ ಮೋಟಾರಿನ ತಿರುಗಾಟವನ್ನು ಚಕ್ರಗಳಿಗೆ ಮುಟ್ಟಿಸುವುದು ಇದೇ ಬೆಲ್ಟ್. ಬಳಸದೆ ಇಟ್ಟರೂ ರಬ್ಬರ್ ಸಡಿಲವಾಗುತ್ತದೆ, ಕೆಲವು ಸಲ ಡಾಂಬರಿನಂತೆ ಕರಗಿ ಅಂಟಿಕೊಂಡಿರುತ್ತದೆ.

ರಿಪೇರಿಗೆ ಮುಂಚೆ ಒಂದು ಮಾತು: ಅಜ್ಜನ ದನಿಯಿರುವ ಕ್ಯಾಸೆಟ್ಟನ್ನು ಪರೀಕ್ಷೆಗೆ ಹಾಕಬೇಡಿ. ರೀಲನ್ನು ಸೆಕೆಂಡಿಗೆ 4.76 ಸೆಂ.ಮೀ. ವೇಗದಲ್ಲಿ ಎಳೆಯುವುದು ಕ್ಯಾಪ್‌ಸ್ಟನ್ ಎಂಬ ಸಣ್ಣ ಉಕ್ಕಿನ ಕಡ್ಡಿ ಮತ್ತು ಅದಕ್ಕೆ ಒತ್ತಿ ನಿಲ್ಲುವ ರಬ್ಬರ್ ರೋಲರ್. ಎಳೆದದ್ದನ್ನು ಸುತ್ತಿಕೊಳ್ಳಬೇಕಾದ್ದು ಬೇರೆ ಚಕ್ರ. ಮೊದಲನೆಯದು ಎಳೆಯುತ್ತಾ ಎರಡನೆಯದು ನಿಂತರೆ ರೀಲು ಒಳಗೇ ರಾಶಿ ಬೀಳುತ್ತದೆ. ಹಿಂದೆಲ್ಲ ನಾವು ‘ಕ್ಯಾಸೆಟ್ ತಿಂತು’ ಅಂತ ಬೈಯುತ್ತಿದ್ದದ್ದು ಇದನ್ನೇ. ಹೋದರೂ ಪರವಾಗಿಲ್ಲ ಎನ್ನುವ ಕ್ಯಾಸೆಟ್ಟನ್ನೇ ಮೊದಲು ಹಾಕಿ.

ಹಿಂಬದಿಯ ಸ್ಕ್ರೂ ಬಿಚ್ಚಿ. ಬೆಲ್ಟ್ ಹಾದುಹೋಗುವ ದಾರಿಯ ಫೋಟೋ ತೆಗೆದುಕೊಳ್ಳಿ. ಅದೇ ದಾರಿಯಲ್ಲಿ ದಾರ ಸುತ್ತಿ ಅಳೆದು, ಅದಕ್ಕಿಂತ ಸ್ವಲ್ಪವೇ ಚಿಕ್ಕದಾದ ಬೆಲ್ಟ್ ಕೊಳ್ಳಿ. ಬೆಂಗಳೂರಿನವರು ಎಸ್.ಪಿ. ರಸ್ತೆಯಲ್ಲಿ ವಿಚಾರಿಸಬಹುದು, ಆನ್‌ಲೈನಿನಲ್ಲೂ ಸಿಗುತ್ತದೆ. ತೀರಾ ಬಿಗಿಯಾದದ್ದು ಬೇಡ, ಮೋಟಾರಿಗೆ ಭಾರ. ಮನೆಯ ರಬ್ಬರ್ ಬ್ಯಾಂಡ್ ಅಂತೂ ಬೇಡವೇ ಬೇಡ: ಹಾಡು ಓಲಾಡುತ್ತದೆ. ಕರಗಿದ ಹಳೆಯ ಬೆಲ್ಟಿನ ಅಂಟನ್ನೂ ರೀಲಿನಿಂದ ದನಿ ಓದುವ ಹೆಡ್ಡಿನ ಮೇಲಿನ ಕಂದು ಕೊಳೆಯನ್ನೂ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ. ದನಿ ಮಂಕಾಗಿದ್ದರೆ ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ.

ಹಾಡು ಸರಾಗವಾಗಿ ಬರತೊಡಗಿದ ಮೇಲೆ ಅಜ್ಜನ ಕ್ಯಾಸೆಟ್ ತೆಗೆಯಿರಿ. ಬಹುಕಾಲ ಬಿಗಿಯಾಗಿ ಕೂತ ರೀಲು ಸಡಿಲಾಗಲು ಪೆನ್ಸಿಲ್ ತೂರಿಸಿ ಎರಡೂ ಕಡೆಗೆ ಸ್ವಲ್ಪ ತಿರುಗಿಸಿ. ಕ್ಯಾಸೆಟ್ಟಿನ ಹಿಂಬದಿಯ ಅಂಚಿನ ಪ್ಲಾಸ್ಟಿಕ್ ತುಂಡುಗಳನ್ನು ಮುರಿದುಬಿಟ್ಟರೆ ಅದರ ಮೇಲೆ ಯಾರೂ ಅಪ್ಪಿತಪ್ಪಿ ರೆಕಾರ್ಡ್ ಮಾಡಲಾಗದು. ಮೊದಲ ಸಲ ಕೇಳುವಾಗಲೇ ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿನ ಲೈನ್-ಇನ್‌ಗೆ (ಹೊರಗಿನ ದನಿ ಒಳಬರುವ ತೂತು) ವೈರು ಹಾಕಿ ಪ್ರತಿ ಮಾಡಿಕೊಳ್ಳಿ, ವಾಲ್ಯೂಮ್ ಅರ್ಧಕ್ಕಿರಲಿ. ಕೆಲಸ ಮುಗಿದ ಮೇಲೆ ಸೆಲ್ ಹೊರಗೆ ತೆಗೆದಿಡಿ. ಸೋರಿದರೆ ಒಳಗಿನ ತಗಡು ತುಕ್ಕು ಹಿಡಿದುಹೋಗುತ್ತದೆ.