ಅನುದಾನರಹಿತ ಶಾಲೆಗಳ ಮನವಿ ಪತ್ರ: ಮೂರು ದಶಕಗಳ ಬಾಕಿ ಲೆಕ್ಕ

ಕರ್ನಾಟಕದ ಖಾಸಗಿ ಅನುದಾನರಹಿತ ಶಾಲೆಗಳ ಆಡಳಿತ ಮಂಡಳಿಗಳ ಸಂಘಟನೆಗಳು, ಅವು ಕ್ಯಾಮ್ಸ್ ಆಗಿರಲಿ, ರುಪ್ಸಾ ಆಗಿರಲಿ, ಕುಸ್ಮಾ ಆಗಿರಲಿ, ವರ್ಷದ ಕೊನೆಗೆ ತಮ್ಮ ಹೋರಾಟದತ್ತ ತಿರುಗಿ ನೋಡಿದಾಗ ಎದುರಾಗುವ ಬೇಡಿಕೆಗಳು ಬಹುಮಟ್ಟಿಗೆ ಹಿಂದಿನ ವರ್ಷದವೇ ಆಗಿರುತ್ತವೆ. ಮಾನ್ಯತೆ ನವೀಕರಣದ ಷರತ್ತುಗಳು ಸಡಿಲವಾಗಬೇಕು, ಶಿಕ್ಷಣ ಹಕ್ಕು ಕಾಯ್ದೆಯಡಿಯ (ಆರ್‌ಟಿಇ) ಶುಲ್ಕ ಮರುಪಾವತಿಯ ಬಾಕಿ ಬಿಡುಗಡೆಯಾಗಬೇಕು, ಶುಲ್ಕ ನಿಗದಿಯಲ್ಲಿ ಇಲಾಖೆ ಕೈಹಾಕಬಾರದು, 1995ರ ನಂತರ ಆರಂಭವಾದ ಕನ್ನಡ ಮಾಧ್ಯಮ ಶಾಲೆಗಳಿಗೆ ಅನುದಾನ ಸಿಗಬೇಕು. ಪತ್ರಿಕೆಗಳಲ್ಲಿ ಇವನ್ನು ಬಿಡಿಬಿಡಿಯಾಗಿ ಓದುವವರಿಗೆ ಇವು ಒಂದಕ್ಕೊಂದು ಸಂಬಂಧವಿಲ್ಲದ ದೂರುಗಳಂತೆ ಕಾಣಬಹುದು. ಆದರೆ ಪ್ರತಿಯೊಂದು ಬೇಡಿಕೆಯ ಬೆನ್ನಿಗೂ ಅರ್ಧಕ್ಕೆ ನಿಂತ ಒಂದೊಂದು ತೀರ್ಮಾನವಿದೆ.

1983ರಲ್ಲಿ ರೂಪುಗೊಂಡ ಕರ್ನಾಟಕ ಶಿಕ್ಷಣ ಕಾಯ್ದೆ ಜಾರಿಗೆ ಬಂದದ್ದು 1995ರಲ್ಲಿ, ಅದರ ಹಿಂದಿನ ವರ್ಷ ಹೊರಬಿದ್ದ ಭಾಷಾ ನೀತಿಯ ಆದೇಶವು ಒಂದರಿಂದ ನಾಲ್ಕನೇ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಬೇಕೆಂದಿತು, 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅನುದಾನರಹಿತ ಸಂಸ್ಥೆಗಳ ಸ್ವಾಯತ್ತತೆಯನ್ನು ಎತ್ತಿಹಿಡಿಯಿತು. 2008ರಲ್ಲಿ ರಾಜ್ಯ ಹೈಕೋರ್ಟ್ ಮಾಧ್ಯಮದ ಕಡ್ಡಾಯವು ಅನುದಾನರಹಿತ ಶಾಲೆಗಳಿಗೆ ಅನ್ವಯಿಸದೆಂದಿತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನೇ ದೃಢಪಡಿಸಿತು. ಅದೇ ದಿನ, ಅದೇ ಪೀಠ, ಶಿಕ್ಷಣ ಹಕ್ಕು ಕಾಯ್ದೆಯನ್ನು ಎತ್ತಿಹಿಡಿಯುತ್ತಲೇ ಅಲ್ಪಸಂಖ್ಯಾತ ಶಾಲೆಗಳೆಲ್ಲವನ್ನೂ ಅದರ ವ್ಯಾಪ್ತಿಯಿಂದ ಹೊರಗಿಟ್ಟ ಇನ್ನೊಂದು ತೀರ್ಪನ್ನೂ ಕೊಟ್ಟಿತು. ನಮ್ಮಲ್ಲಿ ಚರ್ಚೆಯಾದದ್ದು ಹೆಚ್ಚಾಗಿ ಮೊದಲನೆಯದು. ಶಾಲೆಗಳ ದಿನನಿತ್ಯದ ಲೆಕ್ಕಪತ್ರವನ್ನು ಹೆಚ್ಚು ತಟ್ಟಿದ್ದು ಮಾತ್ರ ಎರಡನೆಯ ತೀರ್ಪಿನ ಹಿಂದಿದ್ದ ಕಾಯ್ದೆ. ಆ ಕಥೆಯನ್ನು ಸ್ವಲ್ಪ ನಿಧಾನವಾಗಿಯೇ ನೋಡಬೇಕು.

ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದರೂ ಕರ್ನಾಟಕ ತನ್ನ ನಿಯಮಗಳನ್ನು ಪ್ರಕಟಿಸಿದ್ದು 2012ರ ಏಪ್ರಿಲ್‌ನಲ್ಲಿ. ಅದೇ ತಿಂಗಳಲ್ಲಿ, ಖಾಸಗಿ ಶಾಲೆಗಳು ಆರಂಭಿಕ ತರಗತಿಯ ಶೇ 25ರಷ್ಟು ಸೀಟುಗಳನ್ನು ದುರ್ಬಲ ಮತ್ತು ಅವಕಾಶವಂಚಿತ ಕುಟುಂಬಗಳ ಮಕ್ಕಳಿಗೆ ಉಚಿತವಾಗಿ ಕೊಡಬೇಕೆಂಬ ಅಂಶವನ್ನು ಸುಪ್ರೀಂ ಕೋರ್ಟ್ ಒಪ್ಪಿತ್ತು. ಮೊದಲ ವರ್ಷದ ಪ್ರತಿಕ್ರಿಯೆ ಕಹಿಯಾಗಿತ್ತು. ಜುಲೈ ವೇಳೆಗೆ ಶಾಲೆಗಳನ್ನು ಮುಚ್ಚಿ ಪ್ರತಿಭಟಿಸುವ ಕರೆಯೂ ಬಂತು. ಬಡವರ ಮಕ್ಕಳು ಬಂದರೆ ಶಾಲೆಯ ಮಟ್ಟ ಇಳಿಯುತ್ತದೆ ಎಂಬ ಧಾಟಿಯ ಮಾತುಗಳು ಆ ದಿನಗಳಲ್ಲಿ ಕೇಳಿಬಂದವು. ಅವನ್ನು ಈಗ ನೆನೆದರೂ ಮನಸ್ಸಿಗೆ ನೋವಾಗುತ್ತದೆ.

ಆದರೆ ಜಗಳದ ಗಟ್ಟಿಯಾದ ಭಾಗವಿದ್ದದ್ದು ಹಣದ ಲೆಕ್ಕದಲ್ಲಿ. ಸರ್ಕಾರ ತನ್ನ ಶಾಲೆಯ ಮಗುವೊಂದಕ್ಕೆ ಮಾಡುವ ಖರ್ಚು ಅಥವಾ ಆ ಖಾಸಗಿ ಶಾಲೆಯ ನಿಜವಾದ ಶುಲ್ಕ, ಇವೆರಡರಲ್ಲಿ ಕಡಿಮೆಯಾದುದನ್ನು ಮರುಪಾವತಿಸುತ್ತದೆ ಎಂಬುದು ಕಾಯ್ದೆಯ ಸೂತ್ರ. ಕರ್ನಾಟಕದಲ್ಲಿ ಈ ಮಿತಿ ಆರಂಭದಲ್ಲಿ ಒಂದನೇ ತರಗತಿಯಿಂದ ಮೇಲಕ್ಕೆ ವರ್ಷಕ್ಕೆ 11,848 ರೂಪಾಯಿ, ಪೂರ್ವ ಪ್ರಾಥಮಿಕಕ್ಕೆ 5,924 ರೂಪಾಯಿ ಆಗಿತ್ತು. ಮುಂದೆ ಅದು 16,000 ಮತ್ತು 8,000 ರೂಪಾಯಿಗೆ ಏರಿತು. ಲಕ್ಷಗಟ್ಟಲೆ ಶುಲ್ಕ ಪಡೆಯುವ ನಗರದ ಶಾಲೆಗೆ ಈ ಮೊತ್ತ ಗಣನೆಗೇ ಬಾರದು. ತಾಲ್ಲೂಕು ಕೇಂದ್ರದಲ್ಲಿ ಬಾಡಿಗೆ ಕಟ್ಟಡದಲ್ಲಿ ನಡೆಯುವ, ಜನ ಬಜೆಟ್ ಶಾಲೆ ಎಂದು ಕರೆಯುವ ಶಾಲೆಗೆ ಮಾತ್ರ ಇದು ಶಿಕ್ಷಕರ ಸಂಬಳದ ಮಾತು. ಸಂಬಳ ತಿಂಗಳು ತಿಂಗಳು ಕೊಡಬೇಕಾದದ್ದು, ಮರುಪಾವತಿ ಕಂತಿನಲ್ಲಿ ಬರಬೇಕಾದದ್ದು. ಕಂತು ತಡವಾದರೆ ತಾಲ್ಲೂಕಿನ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೂ ಜಿಲ್ಲೆಯ ಡಿಡಿಪಿಐ (ಶಿಕ್ಷಣ ಇಲಾಖೆಯ ಉಪನಿರ್ದೇಶಕರು) ಕಚೇರಿಗೂ ಅಲೆಯುವವರು ಇಂತಹ ಶಾಲೆಗಳ ಕಾರ್ಯದರ್ಶಿಗಳೇ. ಒಂದೇ ಸಂಘದ ಒಂದೇ ಮನವಿ ಪತ್ರಕ್ಕೆ ಈ ಎರಡೂ ಬಗೆಯ ಶಾಲೆಗಳು ಸಹಿ ಹಾಕುತ್ತವೆ ಎಂಬುದನ್ನು ಮರೆತರೆ ಈ ವಿವಾದ ಅರ್ಥವಾಗುವುದಿಲ್ಲ.

2019ರ ಜನವರಿಯಲ್ಲಿ ರಾಜ್ಯವು ನಿಯಮವನ್ನು ತಿದ್ದಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಅಲ್ಲಿನ ಖಾಸಗಿ ಶಾಲೆಯಲ್ಲಿ ಆರ್‌ಟಿಇ ಸೀಟು ಇರುವುದಿಲ್ಲ ಎಂಬುದು ತಿದ್ದುಪಡಿಯ ಸಾರ. ಸರ್ಕಾರಿ ಶಾಲೆಗಳು ಮಕ್ಕಳಿಲ್ಲದೆ ಬರಿದಾಗುತ್ತಿರುವಾಗ ಸರ್ಕಾರದ ಹಣ ಖಾಸಗಿ ಶಾಲೆಗಳಿಗೆ ಹರಿಯುತ್ತಿದೆ ಎಂಬ ವಾದಕ್ಕೆ ತೂಕವಿತ್ತು, ಮತ್ತು ಅದೇ ವರ್ಷ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಆಂಗ್ಲ ಮಾಧ್ಯಮ ವಿಭಾಗಗಳನ್ನು ತೆರೆಯಲಾಯಿತು. ಮೇ ಕೊನೆಯಲ್ಲಿ ಹೈಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಹಿಂದಿನ ವರ್ಷ ಒಂದೂವರೆ ಲಕ್ಷದ ಆಸುಪಾಸಿನಲ್ಲಿದ್ದ ಸೀಟುಗಳು ಸುಮಾರು ಹದಿನೇಳು ಸಾವಿರಕ್ಕೆ ಕುಸಿದವು. 2012ರಲ್ಲಿ ಬೇಡವೆನಿಸಿದ್ದ ಮಕ್ಕಳೇ ಈ ವೇಳೆಗೆ ಎಷ್ಟೋ ಸಣ್ಣ ಶಾಲೆಗಳ ಬೆಂಚುಗಳನ್ನು ತುಂಬಿದ್ದರು. ಅವರು ಬರುವುದು ನಿಂತಾಗ ಆ ಶಾಲೆಗಳ ಬುಡವೇ ಅಲುಗಿತು.

ಕೋವಿಡ್ ಬಂದದ್ದು ಇದರ ಮರುವರ್ಷ. 2021ರ ಜನವರಿ 29ರ ಆದೇಶವು ಬೋಧನಾ ಶುಲ್ಕದ ಶೇ 70ನ್ನಷ್ಟೇ ಪಡೆಯಬೇಕೆಂದಿತು. ಫೆಬ್ರುವರಿಯಲ್ಲಿ ಆಡಳಿತ ಮಂಡಳಿಗಳವರೂ ಶಿಕ್ಷಕರೂ ಬೆಂಗಳೂರಿನಲ್ಲಿ ಬೀದಿಗಿಳಿದರು. ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್, ರಾಜಸ್ಥಾನದ ಶಾಲಾ ಶುಲ್ಕದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ಅನುಸರಿಸಿ, ಕಡಿತವನ್ನು ಶೇ 15ಕ್ಕೆ ಇಳಿಸಿತು. 2023ರ ಜನವರಿಯಲ್ಲಿ ಹೈಕೋರ್ಟಿನ ತೀರ್ಪಿನಿಂದ ಕರ್ನಾಟಕ ಶಿಕ್ಷಣ ಕಾಯ್ದೆಯ ಶುಲ್ಕ ನಿಯಂತ್ರಣದ ಸೆಕ್ಷನ್‌ಗಳು ಅನುದಾನರಹಿತ ಶಾಲೆಗಳಿಗೆ ಅನ್ವಯಿಸುವಷ್ಟರ ಮಟ್ಟಿಗೆ ರದ್ದಾದವು. ಸಂಘಗಳಿಗೆ ಇದು ದೊಡ್ಡ ಗೆಲುವು; ಜೂನ್ ತಿಂಗಳಲ್ಲಿ ಶುಲ್ಕ ಕಟ್ಟಲು ಸಾಲ ಮಾಡುವ ಪೋಷಕರಿಗೆ ಹಾಗೆ ಅನ್ನಿಸಿರಲಾರದು.

ಮಾನ್ಯತೆ ನವೀಕರಣದ ತಕರಾರಿಗೆ ಬೇರೆಯೇ ಮೂಲವಿದೆ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ ಬೆಂಕಿ ಬಿದ್ದು 94 ಮಕ್ಕಳು ಸತ್ತರು. ಆ ದುರಂತದ ಹಿನ್ನೆಲೆಯಲ್ಲಿ 2009ರಲ್ಲಿ ಸುಪ್ರೀಂ ಕೋರ್ಟ್ ದೇಶದ ಎಲ್ಲ ಶಾಲೆಗಳಿಗೂ ಸುರಕ್ಷತೆಯ ನಿರ್ದೇಶನಗಳನ್ನು ಕೊಟ್ಟಿತು. ಕಟ್ಟಡ ಸುರಕ್ಷತೆಯ ಪ್ರಮಾಣಪತ್ರ, ಅಗ್ನಿಶಾಮಕ ಇಲಾಖೆಯ ಒಪ್ಪಿಗೆ ಇಲ್ಲದೆ ನವೀಕರಣವಿಲ್ಲ ಎಂಬ ನಿಯಮದ ಬೇರು ಅಲ್ಲಿದೆ. ಮಕ್ಕಳ ಜೀವದ ವಿಷಯದಲ್ಲಿ ರಿಯಾಯಿತಿ ಕೇಳುವುದು ನನಗಂತೂ ಒಪ್ಪಿಗೆಯಾಗದು. ಆದರೆ ನಾಲ್ಕು ದಶಕದ ಹಿಂದೆ ಕಟ್ಟಿದ ಎರಡಂತಸ್ತಿನ ಶಾಲೆಗೆ ಹೊಸ ಕಟ್ಟಡದ ಮಾನದಂಡವನ್ನು ಹಾಗೆಯೇ ಹೊರಿಸಿ, ಕಡತವನ್ನು ಮೇಜಿನಿಂದ ಮೇಜಿಗೆ ಸಾಗಿಸುವುದರಿಂದ ಯಾವ ಮಗುವಿನ ಸುರಕ್ಷತೆಯೂ ಹೆಚ್ಚುವುದಿಲ್ಲ. ಏನನ್ನು ದುರಸ್ತಿ ಮಾಡಬೇಕು, ಎಷ್ಟು ಕಾಲದಲ್ಲಿ ಮಾಡಬೇಕು ಎಂದು ಸ್ಥಳಕ್ಕೆ ಬಂದು ಬರೆದುಕೊಟ್ಟರೆ ಮಾಡಬಲ್ಲ ಶಾಲೆಗಳು ಬಹಳಷ್ಟಿವೆ.

2024ರಲ್ಲಿ ಆರ್‌ಟಿಇ ಪ್ರಶ್ನೆ ಮತ್ತೆ ತೆರೆದುಕೊಂಡಿತು. ಕರ್ನಾಟಕದ ತಿದ್ದುಪಡಿಯನ್ನೇ ಹೋಲುವ ಮಹಾರಾಷ್ಟ್ರದ ನಿಯಮವನ್ನು ಜುಲೈನಲ್ಲಿ ಬಾಂಬೆ ಹೈಕೋರ್ಟ್ ರದ್ದುಪಡಿಸಿತು, ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಎತ್ತಿಹಿಡಿಯಿತು. ಗಡಿಯ ಆಚೆ ಇರುವ ಸೀಟು ಈಚೆ ಇಲ್ಲವೇಕೆ ಎಂದು ಬೆಳಗಾವಿಯ ತಂದೆತಾಯಿ ಕೇಳಿದರೆ ಕೊಡಲು ಸುಲಭದ ಉತ್ತರವಿಲ್ಲ. ಇತ್ತ 2018ರಲ್ಲಿ ಒಂದನೇ ತರಗತಿಗೆ ಸೇರಿದ್ದ ಕೊನೆಯ ದೊಡ್ಡ ತಂಡದ ಮಕ್ಕಳ ಎಂಟನೇ ತರಗತಿಯ ವರ್ಷ 2025-26. ಅದೇ ಸಾಲಿನಲ್ಲಿ ಎಲ್‌ಕೆಜಿಗೆ ಸೇರಿದವರದ್ದು 2027-28. ಕಾಯ್ದೆಯ ಉಚಿತ ಶಿಕ್ಷಣದ ಖಾತರಿ ಎಂಟನೇ ತರಗತಿಗೆ ಮುಗಿಯುತ್ತದೆ. ಒಂಬತ್ತನೇ ತರಗತಿಯ ಶುಲ್ಕ ಕಟ್ಟುವುದೋ, ವರ್ಗಾವಣೆ ಪತ್ರ ಪಡೆದು ಹೊರಡುವುದೋ ಎಂಬುದನ್ನು ಆ ಮನೆಗಳು ತಾವೇ ನಿರ್ಧರಿಸಬೇಕಾಗಿದೆ.